ಸೇಟು ಬೀಗ ಹಾಕಿಟ್ಟ ಮಳೆ

ವಿಜಯನಗರದ ಅಂಗಡಿಯೊಂದರಲ್ಲಿ ಮೊನ್ನೆ ಒಂದು ಪೊಟ್ಟಣ ಕಂಡಿತು. ಒಳಗೆ ಸುಟ್ಟ ಪೊರಕೆಕಡ್ಡಿಯಂಥ ಒಣಕಾಯಿ. ರಾಜಸ್ಥಾನದವರು ಪಲ್ಯ ಮಾಡುವ ಸಾಂಗ್ರಿ ಎಂದ ಅಂಗಡಿಯವನು. ಮೂಸಿದೆ. ಆ ಸೀಮೆಯಿಂದಲೇ ಬಂದಿದ್ದ ಪಕ್ಕದ ಮನೆಯ ಸೇಟು ನೆನಪಾದರು...

ಹೇರೋಹಳ್ಳಿಯಲ್ಲಿ ನಾವು ಮನೆ ಕಟ್ಟಿದ ಕಾಲಕ್ಕೇ ಅವರೂ ಕಟ್ಟಿದರು. ಮಾರ್ಬಲ್ ವ್ಯಾಪಾರ. ತಮ್ಮ ಸೀಮೆಯ ಅರ್ಥಶಾಸ್ತ್ರವನ್ನು ಒಮ್ಮೆ ಒಂದೇ ಉಸಿರಿನಲ್ಲಿ ಮುಗಿಸಿದ್ದರು: "ನಮ್ಮ ನೆಲ ಕಲ್ಲು ಕೊಡುತ್ತೆ, ಉಪ್ಪು ಕೊಡುತ್ತೆ, ಉಣ್ಣೆ ಕೊಡುತ್ತೆ. ಊಟ ಕೊಡೋದು ಕಷ್ಟ ಸಾರ್. ಅದಕ್ಕೇ ನಮ್ಮನ್ನ ಹೊರಗೆ ಕಳಿಸುತ್ತೆ."

ಅಂಗಳದಡಿ ಬಾವಿಯಷ್ಟು ಆಳದ ತೊಟ್ಟಿ ಕಟ್ಟಿಸಿದ್ದರು. ಮುಂಗಾರಿಗೆ ಮುಂಚೆ ತಾರಸಿಯನ್ನು ದೇವರ ಮನೆಯಂತೆ ಗುಡಿಸಿ, ಬಿದ್ದ ಮಳೆಯನ್ನೆಲ್ಲ ಅದಕ್ಕಿಳಿಸುತ್ತಿದ್ದರು. ಮುಚ್ಚಳಕ್ಕೆ ಬೀಗ! ಅವರ ಮನೆಯಲ್ಲಿ ತುಪ್ಪದ ಡಬ್ಬಕ್ಕೂ ಅಷ್ಟು ಭದ್ರತೆಯಿರಲಿಲ್ಲ. ಸ್ನಾನ ಎರಡೇ ಚೊಂಬು, ಅದೂ ದೊಡ್ಡ ತಾಂಬಾಳದಲ್ಲಿ ಕೂತು. ತಾಂಬಾಳದ ನೀರು ನುಗ್ಗೆಮರಕ್ಕೆ. ಬೀದಿಯ ಹಿರಿಯರಾದ ನಾವು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಇಂದಲ್ಲ ನಾಳೆ ನಲ್ಲಿಗೆ ಕಾವೇರಿ ಬರುವ ಊರಲ್ಲಿ ಇದು ಬರೀ ಭ್ರಮೆಯೆಂದು ಸರ್ವಾನುಮತದಿಂದ ತೀರ್ಮಾನಿಸಿದ್ದೆವು.

ಒಂದು ಬೇಸಿಗೆಯಲ್ಲಿ ತಂಗಿ ಹೆರಿಗೆಗೆ ಬಂದಳು. ಹಸುಗೂಸಿನೊಡನೆ ಆಸ್ಪತ್ರೆಯಿಂದ ಮನೆಗೆ ಮರಳಿದ ವಾರದಲ್ಲೇ ನಮ್ಮ ಬೋರ್‌ವೆಲ್ ಬತ್ತಿತು. ಕಾವೇರಿ ಇನ್ನೂ ದಾರಿಯಲ್ಲಿತ್ತು. ಟ್ಯಾಂಕರಿನವನು ಫೋನೇ ಎತ್ತಲಿಲ್ಲ. ಬಾಣಂತಿಯ ಸ್ನಾನವೆಂದರೆ ಹಂಡೆ ಹಂಡೆ ಬಿಸಿನೀರು. ಅದು ತಪ್ಪಿದರೆ ಮಗಳ ಸೊಂಟ ಜನ್ಮಕ್ಕೂ ಗಟ್ಟಿಯಾಗದೆಂದು ಅಮ್ಮ ಖಾಲಿ ಹಂಡೆಯ ಮುಂದೆ ಅಳುತ್ತ ಕೂತಳು.

ಸೇಟು ಬಂದು ಬೀಗದ ಕೈಯನ್ನು ಅವಳ ಕೈಗಿಟ್ಟರು.

"ಬೇಕಾದಷ್ಟು ತಗೊಳ್ಳಿ ಅಮ್ಮ. ಎಷ್ಟು ಅಂತ ನನ್ನನ್ನ ಮಾತ್ರ ಕೇಳ್ಬೇಡಿ. ಕೇಳಿದ್ರೆ ಅಳತೆ ಹೇಳ್ಬಿಡ್ತೀನಿ."

ಅಮ್ಮ ಕೇಳಲಿಲ್ಲ. ಸುರಿದಳು. ದಿನಾ ಬೆಳಗ್ಗೆ ನಮ್ಮ ಬಚ್ಚಲಿನ ಸದ್ದು ಕೇಳುತ್ತ ಅವರು ತಮ್ಮ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಒಂದೊಂದು ಚೊಂಬಿಗೂ ಅವರ ಭುಜ ಸಣ್ಣಗೆ ಅದುರುತ್ತಿತ್ತು... ಒಂದು ದಿನವೂ ಎದ್ದು ಬಂದು ಸಾಕೆನ್ನಲಿಲ್ಲ. ನಾನು ದೊಡ್ಡ ದೊಡ್ಡ ಅಣೆಕಟ್ಟುಗಳನ್ನು ನೋಡಿದ್ದೇನೆ; ಯಾವುದಕ್ಕೂ ಕೈ ಮುಗಿಯಬೇಕೆನಿಸಿರಲಿಲ್ಲ.

ಸೇಟು ತೀರಿಹೋಗಿ ಮೂರು ವರ್ಷವಾಯಿತು. ಮಕ್ಕಳು ಮನೆ ಮಾರಿದರು. ಈಗಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಇವತ್ತು ಬೆಳಗ್ಗೆ ತೊಟ್ಟಿಗೆ ಒಡೆದ ಗೋಡೆಯ ಮಣ್ಣು ಸುರಿಯುತ್ತಿದ್ದರು. ಅದೇನೆಂದು ಗೊತ್ತೇ ಎಂದು ಮೇಸ್ತ್ರಿಯನ್ನು ಕೇಳಿದೆ.

"ಯಾವ್ದೋ ಹಳೇ ಸಂಪು ಸಾರ್."

ಸಂಪಲ್ಲಪ್ಪ ಎಂದು ಮೊದಲಿನಿಂದ ಹೇಳಲು ಶುರುಮಾಡಿದೆ. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ.

"ಹೌದಾ ಸಾರ್... ಸ್ವಲ್ಪ ಈ ಕಡೆ ಬನ್ನಿ, ಗಾಡಿ ರಿವರ್ಸ್ ಬರ್ತಾ ಇದೆ."

ನಾನು ಅವನ ಕಡೆಗೆ ಸರಿದು ನಿಂತೆ.