ನಾನೇ ಮುಚ್ಚಿಸಿದ ಇಮೇಲ್

ನನ್ನ ಮೊಮ್ಮಗಳಿಗೆ ಸೀಟು ಸಿಕ್ಕಿತು! ಪೀಳಮೇಡಿನ ಕಾಲೇಜಿನಲ್ಲಿ, ಬಟ್ಟೆಯ ಡಿಸೈನ್ ಕಲಿಯುವ ಸೀಟು. ಇವತ್ತು ಬೆಳಿಗ್ಗೆ ಇಮೇಲ್ ಬಂತು. ಎದುರು ಮನೆ, ಪಕ್ಕದ ಮನೆ, ಹಾಲಿನವಳು, ಗ್ಯಾಸ್ ಸಿಲಿಂಡರ್ ತಂದವನು, ಎಲ್ಲರಿಗೂ ಹೇಳಿ ಮುಗಿಸಿದೆ. ಹಾಲಿನವಳಿಗಂತೂ ಎರಡು ಸಲ ಹೇಳಿದೆನಂತೆ. ಬೀದಿಯಲ್ಲಿ ಇನ್ನು ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಕುಳಿತೆ.

ಈ ಸೀಟು ನನ್ನಿಂದಲೇ ತಪ್ಪಿಹೋಗುವುದರಲ್ಲಿತ್ತು. ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಸಂತೋಷದ ದಿನ ಒಪ್ಪಿಕೊಂಡರೆ ಬೈಗುಳ ಕಡಿಮೆ.

ನಮ್ಮದು ಮಡತ್ತುಕುಳಂ. ತಲೆಮಾರುಗಳಿಂದ ನೇಯುವ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು, ಅಲ್ಲಿ ಮೂರನೆಯ ತರಗತಿಯವರೆಗೆ ಕನ್ನಡ ಕಲಿತಿದ್ದೆ. ಈ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವಳು ನಾನೊಬ್ಬಳೇ. ಹಾಗಾಗಿ ಇವರ ಬಗ್ಗೆ ಏನು ಬೇಕಾದರೂ ಬರೆಯಬಹುದು, ಯಾರಿಗೂ ತಿಳಿಯುವುದಿಲ್ಲ.

ಮಗ ಸೀರೆಗಳ ಫೋಟೋ ತೆಗೆದು ಅಂಗಡಿಗಳಿಗೆ ಇಮೇಲಿನಲ್ಲಿ ಕಳಿಸುತ್ತಾನೆ. ಆ ಇಮೇಲ್ ವಿಳಾಸವನ್ನು ಕೊಟ್ಟದ್ದು ಇಂಟರ್ನೆಟ್ ಕಂಪನಿಯೇ, ಲೈನ್ ಹಾಕಿಸಿದ ದಿನವೇ. ಮನೆ ನನ್ನ ಹೆಸರಿನಲ್ಲಿರುವುದರಿಂದ ಲೈನ್ ಕೂಡ ನನ್ನ ಹೆಸರಿನಲ್ಲೇ ಇತ್ತು. ಮೊಮ್ಮಗಳು ಕಾಲೇಜಿನ ಅರ್ಜಿಯಲ್ಲಿ ಬರೆದದ್ದೂ ಅದೇ ವಿಳಾಸ. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು, ಜೂನ್ ಕೊನೆಗೆ, ಇಲ್ಲಿಯವರ ಆನಿ ತಿಂಗಳಲ್ಲಿ, ಗಾಳಿ ಏಳುವವರೆಗೆ. ಆ ಕಂಪನಿಯ ತಂತಿ ತೆಂಗಿನ ಮರದಿಂದ ತೆಂಗಿನ ಮರಕ್ಕೆ ಜೋತುಕೊಂಡು ಬರುತ್ತಿತ್ತು. ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸಿದರೆ ಸಾಕು, ಇಂಟರ್ನೆಟ್ ಇಲ್ಲ. ಮಗನಿಗೆ ಸಾಕಾಗಿ ಬೇರೆ ಕಂಪನಿಗೆ ಹೇಳಿದ.

ಹೊಸ ಲೈನ್ ಹಾಕಿದ್ದು ಅಮಾವಾಸ್ಯೆಯಂದು. ಅವತ್ತು ನಾವು ಮಗ್ಗ ಮುಟ್ಟುವುದಿಲ್ಲ, ಎಲ್ಲರೂ ಮನೆಯಲ್ಲಿರುತ್ತೇವೆ. ಹೊಸ ಕೆಲಸಕ್ಕೆ ಅಮಾವಾಸ್ಯೆ ಒಳ್ಳೆಯದೆಂದು ಈ ಕಡೆಯವರ ನಂಬಿಕೆ. ಕೊಳ್ಳೇಗಾಲದಲ್ಲಿ ಹಾಗೆ ಹೇಳಿದ್ದರೆ ನನ್ನ ಅಮ್ಮ ಹೌಹಾರುತ್ತಿದ್ದಳು! ಹೊಸ ಪೆಟ್ಟಿಗೆ ಗೋಡೆಗೇರಿತು, ಹಸಿರು ದೀಪ ಮಿನುಗಿತು. ಪಕ್ಕದಲ್ಲೇ ಹಳೆಯ ಪೆಟ್ಟಿಗೆಯೂ ಮಿನುಗುತ್ತಿತ್ತು.

"ಅದು ಈ ತಿಂಗಳು ಅಲ್ಲೇ ಇರ್ಲಿ ಅಮ್ಮಾ. ನಾನು ಆಮೇಲೆ ನೋಡ್ಕೊತೀನಿ," ಎಂದ ಮಗ.

ಇರಲಿ ಎಂದರೆ ಇರಲು ಬಿಡುವವಳೇ ನಾನು? ಒಂದು ಗೋಡೆಗೆ ಎರಡು ಪೆಟ್ಟಿಗೆ ಏಕೆ? ಮಾರನೆಯ ದಿನ ಯಾರಿಗೂ ಹೇಳದೆ ಅದನ್ನು ಕಳಚಿ, ವಯರ್ ಬುಟ್ಟಿಯಲ್ಲಿಟ್ಟುಕೊಂಡು ಉಡುಮಲೈಗೆ ಬಸ್ಸು ಹತ್ತಿದೆ. ಹಳೆಯ ಕಂಪನಿಯ ಆಫೀಸಿನಲ್ಲಿ ಒಪ್ಪಿಸಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಬರುವಾಗ ಮಲ್ಲಿಗೆ ಹೂವನ್ನೂ ಕೊಂಡುಕೊಂಡು ಬಂದೆ, ಅಷ್ಟು ಹೆಮ್ಮೆ.

ನಾಲ್ಕು ದಿನ ಕಳೆಯಿತು. ಮಧ್ಯಾಹ್ನ ಊಟಕ್ಕೆ ಕರೆದರೆ ಮೊಮ್ಮಗಳು ಬರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು, ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಸೊಸೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು.

"ಅತ್ತೆ, ಲೈನ್ ಮುಚ್ಚಿದಾಗ ಇಮೇಲೂ ಮುಚ್ಚೋಗಿದೆ. ಕಾಲೇಜಿಗೆ ಫೋನ್ ಮಾಡಿದ್ರೆ, ಇಂಟರ್ವ್ಯೂಗೆ ಬಾ ಅಂತ ಅದುಕ್ಕೇ ಮೇಲ್ ಹಾಕಿದಾರಂತೆ. ಬರ್ತೀನಿ ಅಂತ ಅದೇ ವಿಳಾಸದಿಂದ ಇವತ್ತು ಐದು ಗಂಟೆ ಒಳಗೆ ಬರೀಬೇಕಂತೆ. ಇಲ್ಲಾಂದ್ರೆ ಮುಂದಿನ ಹೆಸರುನ್ನ ಕರೀತಾರಂತೆ."

"ಬೇರೆ ವಿಳಾಸದಿಂದ ಬರೆದ್ರೆ?"

"ಅದನ್ನೂ ಕೇಳಿದ್ಲು. ಅರ್ಜಿಲಿ ಇರೋದೇ ಬೇಕಂತೆ. ಹೊಸದು ಬೇಕಂದ್ರೂ ಹಳೇದ್ರಿಂದಾನೇ ಬರೆದು ಕೇಳ್ಬೇಕಂತೆ."

ಈ ಹುಡುಗಿ ಎರಡು ವರ್ಷದಿಂದ ಚೌಕಳಿ ಕಾಗದದ ಮೇಲೆ ಸೀರೆಯ ಅಂಚುಗಳನ್ನು ಬರೆದದ್ದೇ ಬರೆದದ್ದು. ಮಾವಿನ ಕಾಯಿ ಬೇಡ, ನವಿಲು ಬೇಡ ಎಂದು ನಮ್ಮ ಕಾಲುವೆ ದಂಡೆಯ ಕೊಕ್ಕರೆಗಳನ್ನು ಅಂಚಿಗೆ ಇಳಿಸಿದ್ದಳು. ಅದೆಲ್ಲ ನನ್ನ ಒಂದು ಸಹಿಯಿಂದ ಹೋಯಿತೇ?

ಮಗ್ಗದಿಂದ ಯಜಮಾನರ ದನಿ ಕೇಳಿತು. ಕಿವಿ ಮಂದವೆಂದು ಹೇಳಿಕೊಳ್ಳುತ್ತಾರೆ, ಬೇಕಾದದ್ದೆಲ್ಲ ಚೆನ್ನಾಗಿ ಕೇಳಿಸುತ್ತದೆ.

"ಏನೇ, ನಲವತ್ತು ವರ್ಷ ಹಾಸು ಹೂಡಿದೋಳು ನೀನು. ಹೊಸ ಎಳೆ ಹೆಣೆಯೋಕ್ ಮುಂಚೆ ಹಳೇ ಎಳೆ ಎಂದಾದ್ರೂ ಕುಯ್ದು ಬಿಸಾಡಿದ್ಯಾ?"

ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದೆಳೆಗಳ ಕಟ್ಟು, ಮುಗಿದರೆ ಅದರ ತುದಿಗಳನ್ನು ಹಣಿಗೆಯ ಹಲ್ಲುಗಳಲ್ಲಿ ಹಾಗೆಯೇ ಬಿಡುತ್ತೇವೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಗೆ ಹೊಸೆದು ಸೇರಿಸುತ್ತೇವೆ. ಹಳೆಯದೇ ಹೊಸದನ್ನು ಎಳೆದುಕೊಂಡು ಹೋಗುತ್ತದೆ. ಮೊದಲೇ ಕತ್ತರಿಸಿದರೆ ಎಲ್ಲವನ್ನೂ ಮತ್ತೆ ಹಣಿಗೆಗೆ ಪೋಣಿಸಬೇಕು, ದಿನಗಟ್ಟಲೆ ಕೆಲಸ. ಹತ್ತು ವರ್ಷದ ಮಗುವಿಗೂ ಇದು ಗೊತ್ತು ನಮ್ಮ ಬೀದಿಯಲ್ಲಿ. ನಾನೇ ಅದನ್ನು ಮರೆತೆ, ಅದು ಮಗ್ಗವಲ್ಲ ಪೆಟ್ಟಿಗೆ ಎಂದುಕೊಂಡು.

"ಏಳೇ, ನನ್ನ ಕಣ್ಣು," ಎಂದೆ ಮೊಮ್ಮಗಳಿಗೆ. "ಮುಚ್ಚಿದೋಳು ನಾನು, ತೆಗೆಸೋಳೂ ನಾನೇ."

"ಅಜ್ಜಿ, ಅದು ಬೀಗ ಹಾಕಿದ ಕದ ಅಲ್ಲ."

"ಏನಾದ್ರೂ ಆಗ್ಲಿ. ಲ್ಯಾಪ್‌ಟಾಪ್ ಎತ್ಕೋ."

ಮತ್ತೆ ಉಡುಮಲೈ ಬಸ್ಸು ಹತ್ತಿದೆವು. ಆಫೀಸು ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಕೌಂಟರಿನಲ್ಲಿ ಅವತ್ತು ನನ್ನಿಂದ ಪೆಟ್ಟಿಗೆ ತೆಗೆದುಕೊಂಡ ಅದೇ ಹೆಂಗಸು, ನನ್ನ ಸೊಸೆಯ ವಯಸ್ಸಿನವಳು. "ವಾಂಗಮ್ಮಾ, ಉಕ್ಕಾರುಂಗ," ಎಂದು ಕುರ್ಚಿ ತೋರಿಸಿದಳು. ನಾನು ಕೂರದೆ ಎಲ್ಲವನ್ನೂ ಒಂದೇ ಉಸಿರಿಗೆ ತಮಿಳಿನಲ್ಲಿ ಸುರಿದೆ, ಕೊಕ್ಕರೆಗಳನ್ನೂ ಸೇರಿಸಿ.

ಲೈನ್ ಬಿಟ್ಟವರ ಮೇಲ್‌ಗಳನ್ನು ಅವರು ಕೂಡಲೇ ಅಳಿಸುವುದಿಲ್ಲವಂತೆ. ಸ್ವಲ್ಪ ದಿನ ಬೀಗ ಹಾಕಿ, ಬರುವುದನ್ನೂ ಒಳಗೇ ಸೇರಿಸಿ ಇಟ್ಟಿರುತ್ತಾರಂತೆ. ಯಾರ ಹೆಸರಿನಲ್ಲಿ ಲೈನ್ ಇತ್ತೋ ಅವರೇ ಬಂದು ಬರೆದುಕೊಟ್ಟರೆ ಒಂದು ತಿಂಗಳಿಗೆ ತೆರೆದುಕೊಡುತ್ತಾರಂತೆ. ನಾನು ಮೊಮ್ಮಗಳ ಕಡೆ ನೋಡಿದೆ, ಬೀಗವೇ ಅಲ್ಲವೇನೇ ಎನ್ನುವಂತೆ. ಆ ಹೆಂಗಸು ಕಾಗದಗಳ ಕಟ್ಟನ್ನು ತಿರುವಿ ನನ್ನದನ್ನು ಥಟ್ಟನೆ ಎಳೆದಳು. ಅಷ್ಟು ಕಾಗದಗಳಲ್ಲಿ ಕನ್ನಡದ ಸಹಿ ನನ್ನದೊಂದೇ! "ಇದನ್ನ ಮರೆಯೋದು ಹೆಂಗಮ್ಮಾ, ಜಿಲೇಬಿ ಹಿಂಡಿದ ಹಾಗಿತ್ತು," ಎಂದು ತಮಿಳಿನಲ್ಲಿ ನಕ್ಕಳು. ಅದೇ ಜಿಲೇಬಿಯನ್ನು ಮತ್ತೊಂದು ಕಾಗದದ ಮೇಲೆ ಹಿಂಡಿದೆ.

ನಾಲ್ಕೂಕಾಲಿಗೆ ಮೇಲ್ ತೆರೆಯಿತು. ನಾಲ್ಕು ದಿನದ್ದೆಲ್ಲ ಬಂದು ಬಿತ್ತು, ಮೂರನೆಯದು ಕಾಲೇಜಿನದು. ಮೊಮ್ಮಗಳು ಅಲ್ಲೇ ನಿಂತು ಉತ್ತರ ಬರೆದಳು, ಒತ್ತಿದಳು. ಹೋಗಲಿಲ್ಲ. ಮತ್ತೆ ಒತ್ತಿದಳು. ಆಗಲೂ ಇಲ್ಲ.

"ಬರೋದು ಬರ್ತಿದೆ ಅಜ್ಜಿ, ಹೋಗೋದು ಹೋಗ್ತಿಲ್ಲ," ಎಂದಳು.

ನಾನು ಗಡಿಯಾರ ನೋಡಿದೆ. ನಾಲ್ಕೂವರೆ. ಆ ಪುಣ್ಯಾತ್ಗಿತ್ತಿ ಎದ್ದು ಬಂದು ಪರದೆಯತ್ತ ಬಗ್ಗಿದಳು. ಮೊಮ್ಮಗಳು ತನ್ನ ಫೋನಿನ ಇಂಟರ್ನೆಟ್ಟಿನಿಂದ ಕಳಿಸುತ್ತಿದ್ದಳು. ಈ ವಿಳಾಸದಿಂದ ಹೊರಗೆ ಕಳಿಸಬೇಕಾದರೆ ಅವರದೇ ಲೈನಿನಲ್ಲಿರಬೇಕಂತೆ, ಬೇರೆಯವರ ಲೈನಿನಿಂದ ಬಂದರೆ ಅವರ ಕಂಪ್ಯೂಟರು ಒಪ್ಪಿಕೊಳ್ಳುವುದಿಲ್ಲವಂತೆ. ತನ್ನ ಮೇಜಿನ ತಂತಿಯನ್ನೇ ಕಿತ್ತು ನಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು.

"ಈಗ ಒತ್ತು."

ಹೋಯಿತು. ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ಎರಡು ನಿಮಿಷದಲ್ಲಿ ಕಾಲೇಜಿನಿಂದ, ಬಂದು ಸೇರಿತು ಎಂದು ಮರುಮಾತೂ ಬಂತು. ನಾನು ಕೌಂಟರಿನ ಆಚೆಗೆ ಕೈ ಚಾಚಿ ಆ ಹೆಂಗಸಿನ ಕೆನ್ನೆ ಸವರಿ ನೆಟಿಗೆ ಮುರಿದೆ. ಕ್ಯೂನಲ್ಲಿದ್ದವರೆಲ್ಲ ನಕ್ಕರು. ನಗಲಿ!

ಆಮೇಲೆ ಎರಡು ದಿನ ಅಪ್ಪ ಮಗಳು ಕುಳಿತು ಯಾವ ಲೈನಿಗೂ ಸೇರದ ಹೊಸ ವಿಳಾಸ ಮಾಡಿಕೊಂಡರು. ಕಾಲೇಜಿಗೆ ಅದೇ ಆಫೀಸಿನ ಲೈನಿನಿಂದ ಹಳೆಯ ವಿಳಾಸದಲ್ಲೇ ಬರೆದು, ಅಂಗಡಿಗಳಿಗೂ ಒಂದೊಂದಾಗಿ ತಿಳಿಸಿದರು. ಹಳೆಯದಕ್ಕೆ ಬಂದದ್ದು ತಾನಾಗಿ ಹೊಸದಕ್ಕೆ ಬಂದು ಬೀಳುವ ಹಾಗೆಯೂ ಮಾಡಿದರು. ನನ್ನನ್ನು ಯಾವ ಗುಂಡಿಯ ಹತ್ತಿರಕ್ಕೂ ಬಿಡಲಿಲ್ಲ, ಅದು ನ್ಯಾಯವೇ. ಮುಂದಿನ ವಾರ ಮೊಮ್ಮಗಳು ಪೀಳಮೇಡಿಗೆ ಹೋಗಿ ಇಂಟರ್ವ್ಯೂ ಮುಗಿಸಿದಳು. ಇವತ್ತು ಬೆಳಿಗ್ಗೆ ಉತ್ತರ.

ಸಂಜೆ ಒತ್ತು ಶ್ಯಾವಿಗೆ ಮಾಡಿದೆವು. ಅದು ಒಬ್ಬರ ಕೈಯಲ್ಲಿ ಆಗುವ ಅಡುಗೆಯಲ್ಲ. ಸೊಸೆ ಹಿಟ್ಟಿನ ಉಂಡೆ ಬೇಯಿಸಿದಳು, ಮಗ ಶ್ಯಾವಿಗೆ ಒರಳಿನ ಹಿಡಿ ಒತ್ತಿದ, ನಾನು ತೆಂಗಿನ ಹಾಲು ಹಿಂಡಿದೆ. ಯಜಮಾನರು ಕುಳಿತಲ್ಲಿಂದಲೇ ಎಲ್ಲರಿಗೂ ಬುದ್ಧಿ ಹೇಳಿದರು. ಐವರೂ ಒಟ್ಟಿಗೆ ಎಲೆ ಹಾಕಿಕೊಂಡು ಕುಳಿತೆವು.

"ಆ ಕಾಗದ ಇನ್ನೊಂದ್ಸಲ ಓದು," ಎಂದರು ಯಜಮಾನರು.

"ತಾತಾ, ಮೂರು ಸಲ ಆಯ್ತು!"

"ನಂಗೆ ಕಿವಿ ಕೇಳಲ್ಲ."

ಅವಳು ಎಡಗೈಯಲ್ಲಿ ಫೋನ್ ಹಿಡಿದು, ಬಾಯಿ ತುಂಬ ಶ್ಯಾವಿಗೆ ಇಟ್ಟುಕೊಂಡೇ ನಾಲ್ಕನೆಯ ಸಲ ಓದಿದಳು. ನಾನು ಅವಳ ಎಲೆಗೆ ಇನ್ನೊಂದು ಸೌಟು ತೆಂಗಿನ ಹಾಲು ಹಾಕಿದೆ.