ಕೊನೆಯ ಪುಟದಲ್ಲಿ ಉತ್ತರವಿಲ್ಲದ ಲೆಕ್ಕಗಳು

ಡಿಪೋದ ಹಿಂಭಾಗದಲ್ಲಿ ಬಸ್ಸುಗಳು ಸಾಲಾಗಿ ನಿಂತಿವೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬರು ಪೈಪು ಎಳೆದುಕೊಂಡು ಒಂದೊಂದೇ ಬಸ್ಸಿಗೆ ನೀರು ಹೊಡೆಯುತ್ತಾರೆ, ಕಿಟಕಿ ಉಜ್ಜುತ್ತಾರೆ, ಸೀಟಿನ ಕೆಳಗೆ ಯಾರೋ ಅಂಟಿಸಿಹೋದ ಚೂಯಿಂಗ್ ಗಮ್ಮನ್ನು ಮೊಂಡು ಚಾಕುವಿನಿಂದ ಕೆರೆದು ತೆಗೆಯುತ್ತಾರೆ. ಅಂಟಿಸಿದ ಪುಣ್ಯಾತ್ಮನಿಗೆ ಒಂದೆರಡು ಮಾತಿನ ಸನ್ಮಾನವೂ ಆಗುತ್ತದೆ. ಕೊನೆಯ ಬಸ್ಸು ಮುಗಿದ ಮೇಲೆ ಅದರ ಹಿಂದಿನ ಸೀಟಿನಲ್ಲಿ ಕೂತು, ಕೈ ಒರೆಸಿಕೊಂಡು, ಚೀಲದಿಂದ ಗಣಿತದ ಪುಸ್ತಕ ತೆಗೆಯುವುದು ಇವರ ರೂಢಿ. ಡ್ರೈವರ್ ಬಂದು ಎಬ್ಬಿಸುವವರೆಗೆ ಆ ಬಸ್ಸು ಇವರ ಪಾಠಶಾಲೆ.

ಡಿಪೋದಲ್ಲಿ ಎಲ್ಲರಿಗೂ ಇವರು ಲೆಕ್ಕದಕ್ಕ. ಯಾರು ಮೊದಲು ಹಾಗೆ ಕರೆದರೋ ಯಾರಿಗೂ ನೆನಪಿಲ್ಲ, ಹೆಸರು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿದೆ. ಸಂಬಳದ ದಿನ ಡ್ರೈವರುಗಳು ತಮ್ಮ ಓವರ್‌ಟೈಮ್ ಸರಿಯಾಗಿದೆಯೇ ನೋಡಿ ಎಂದು ತಮಾಷೆ ಮಾಡುತ್ತಾರೆ. ಇವರೂ ಬಿಡುವವರಲ್ಲ, ನಿಮ್ಮ ಹೆಂಡತಿಯನ್ನೇ ಕೇಳಿ, ಅವರ ಲೆಕ್ಕ ಇನ್ನೂ ಚೆನ್ನಾಗಿದೆ ಎನ್ನುತ್ತಾರೆ. ಆದರೆ ಇವತ್ತು ಪುಸ್ತಕ ತೊಡೆಯ ಮೇಲೆ ತೆರೆದುಕೊಂಡಿದ್ದರೂ ಕಣ್ಣು ಅದರ ಮೇಲಿಲ್ಲ.

ಇವತ್ತು ಸಂಜೆಯೊಳಗೆ ಮಗಳಿಗೆ ಯಾವ ಗಣಿತ ಎಂದು ಇವರು ಹೇಳಬೇಕು. ಮನೆಯಲ್ಲೇ ಓದುವ ಮಕ್ಕಳನ್ನು ನೋಂದಾಯಿಸಿಕೊಳ್ಳುವ ಕಲಿಕಾ ಕೇಂದ್ರದಲ್ಲಿ ಮುಂದಿನ ಎರಡು ವರ್ಷಕ್ಕೆ ಎರಡು ದಾರಿಗಳಿವೆ. ಒಂದು ಸಾಮಾನ್ಯ ಗಣಿತ, ಇನ್ನೊಂದು ಉನ್ನತ ಗಣಿತ. ಉನ್ನತ ಗಣಿತಕ್ಕೆ ಪ್ರವೇಶ ಪರೀಕ್ಷೆ ಇದೆ, ಮಗಳು ಕಳೆದ ವಾರ ಬರೆದು ಬಂದಿದ್ದಾಳೆ. ಫಲಿತಾಂಶ ಇವತ್ತು. ಒಮ್ಮೆ ದಾರಿ ಹಿಡಿದರೆ ನಡುವೆ ಬದಲಾಯಿಸುವಂತಿಲ್ಲ.

“ಬೂಟಿನೊಳಗೆ ನೀರು ಹೋದ್ರೂ ಗೊತ್ತಾಗ್ತಿಲ್ಲ ಇವತ್ತು,” ಎನ್ನುತ್ತಾರೆ ಲೆಕ್ಕದಕ್ಕ. “ಕೈಕಾಲೇ ನನ್ನದಲ್ಲ ಅನ್ನಿಸ್ತಿದೆ.”

ಮನೆ ಇರುವುದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಎರಡೇ ಕೋಣೆ. ಮಡಚುವ ಮೇಜಿನ ನಾಲ್ಕೂ ಮೂಲೆಗೆ ಹಳೆಯ ಬಸ್ ಸೀಟಿನ ಸ್ಪಂಜು ಸುತ್ತಿದೆ. ಬಚ್ಚಲಿನ ಬಾಗಿಲಿಗೆ ಒಳಚಿಲಕವಿಲ್ಲ, ಇದ್ದದ್ದನ್ನು ಕಿತ್ತು ಹಾಕಿದ ಗುರುತು ಮಾತ್ರ ಇದೆ. ಐದನೇ ತರಗತಿಯಲ್ಲಿದ್ದಾಗ ಮಗಳು ಶಾಲೆಯ ಮೆಟ್ಟಿಲ ಮೇಲೆ ಫಿಟ್ಸ್ ಬಂದು ಬಿದ್ದಳು. ಆಮೇಲೆ ಎರಡು ಸಲ ತರಗತಿಯಲ್ಲೇ ಬಂತು. ಇಡೀ ದಿನ ಯಾರಾದರೂ ಜೊತೆಗೆ ಕೂರುವುದಾದರೆ ಕಳಿಸಿ, ಇಲ್ಲದಿದ್ದರೆ ನಮ್ಮಿಂದ ಆಗದು ಎಂದು ಶಾಲೆಯವರು ಬಹಳ ವಿನಯದಿಂದ ಕೈ ತೊಳೆದುಕೊಂಡರು. ವಿನಯಕ್ಕೇನೂ ಕೊರತೆ ಇರಲಿಲ್ಲ ಎಂದು ಲೆಕ್ಕದಕ್ಕ ಈಗಲೂ ನೆನೆಸಿಕೊಳ್ಳುತ್ತಾರೆ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರಂತೆ.

ಅಂದಿನಿಂದ ತಾಯಿಯೇ ಮೇಷ್ಟರು. ಇವರು ಓದಿದ್ದು ಹತ್ತನೇ ತರಗತಿ, ಗಣಿತದಲ್ಲಿ ಅಂಚಿನಲ್ಲಿ ಪಾಸಾದವರು. ಮಗಳಿಗಿಂತ ಒಂದು ಪಾಠ ಮುಂದಿರಬೇಕು, ಅಷ್ಟೇ ಇವರ ಬೋಧನಾ ಶಾಸ್ತ್ರ. ಬೆಳಗ್ಗೆ ಬಸ್ಸಿನಲ್ಲಿ ಕಲಿತದ್ದನ್ನು ಮನೆಗೆ ಹೋಗಿ ಮಗಳಿಗೆ ಹೇಳಿಕೊಡುತ್ತಾರೆ. ತಂದೆ ದೂರದ ಊರುಗಳಿಗೆ ಲಾರಿ ಓಡಿಸುವವರು, ತಿಂಗಳಿಗೆ ಒಂದೆರಡು ಸಲ ಮನೆ ಕಾಣುತ್ತಾರೆ. ಯಾವ ಗಣಿತ ಎಂದು ಕೇಳಿದರೆ, ನಿನಗೆ ಸರಿ ಅನ್ನಿಸಿದ್ದು ಮಾಡು ಅಂದರು. ಇಷ್ಟು ಭಾರದ ಮಾತನ್ನು ಇಷ್ಟು ಹಗುರಾಗಿ ಹೇಳಿ ಫೋನ್ ಇಡುವುದು ಗಂಡಂದಿರಿಗೆ ಮಾತ್ರ ಸಾಧ್ಯ.

ಮಗಳಿಗೆ ಈಗ ಹದಿನೈದು. ಮಾತ್ರೆ ಹಿಡಿದಿದೆ, ಫಿಟ್ಸ್ ಬಂದು ಬಹಳ ಕಾಲವಾಯಿತು. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡುವಾಗ ಯಂತ್ರ ಬರೆದ ಅಲೆಗಳ ಚಿತ್ರ ನೋಡಿ ಅವಳು ಅಲ್ಲಿದ್ದ ತಂತ್ರಜ್ಞನನ್ನು ಪೀಡಿಸಿಬಿಟ್ಟಿದ್ದಳು. ಈ ಅಲೆ ಯಾಕೆ ಹೀಗಿದೆ, ಇದರಲ್ಲಿ ಯಾವುದು ನಾನು, ಯಾವುದು ಕಾಯಿಲೆ? ಅವನು ನಕ್ಕು, ಅದನ್ನೆಲ್ಲ ಬಿಡಿಸಿ ನೋಡಬೇಕಾದರೆ ದೊಡ್ಡ ಗಣಿತ ಕಲಿಯಬೇಕು ಎಂದ. ಅಂತಹ ಯಂತ್ರ ಮಾಡುವ ಓದಿಗೆ ಉನ್ನತ ಗಣಿತವಿಲ್ಲದೆ ಬಾಗಿಲೇ ತೆರೆಯುವುದಿಲ್ಲ. ಅಂದಿನಿಂದ ಮಗಳ ಆಸೆ ಒಂದೇ, ತಾಯಿಯ ಭಯವೂ ಅದೇ.

ಭಯಕ್ಕೆ ಕಾರಣಗಳು ಬೇಕಾದಷ್ಟಿವೆ. ಒತ್ತಡ ಹೆಚ್ಚಾದರೆ, ನಿದ್ದೆ ಕೆಟ್ಟರೆ ಮತ್ತೆ ಫಿಟ್ಸ್ ಬಂದೀತು ಎಂಬುದು ಒಂದು. ಸೋತು ಬಂದರೆ ಮಗು ಕುಗ್ಗಿಹೋದೀತು ಎಂಬುದು ಇನ್ನೊಂದು. ಹುಡುಗಿ ಆರೋಗ್ಯವಾಗಿದ್ದರೆ ಸಾಕಲ್ಲವೇ, ನಿನಗ್ಯಾಕೆ ಇಲ್ಲದ ಉಸಾಬರಿ, ಸಾಮಾನ್ಯ ಗಣಿತ ಕೊಡಿಸಿ ನೆಮ್ಮದಿಯಾಗಿರು ಎಂದು ಮಗುವಿನ ದೊಡ್ಡಮ್ಮ ವಾರಕ್ಕೊಮ್ಮೆ ಬಂದು ಹೇಳಿ ಹೋಗುತ್ತಾರೆ. ಆದರೆ ಇವನ್ನೆಲ್ಲ ಮೀರಿದ ಒಂದು ಭಯ ತಿಂಗಳ ಕೆಳಗೆ ಲೆಕ್ಕದಕ್ಕನ ಎದೆಯಲ್ಲಿ ಬಂದು ಕೂತಿತು. ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ, ಅವರೇ.

ಪ್ರವೇಶ ಪರೀಕ್ಷೆ ಹೇಗಿರುತ್ತದೆ ನೋಡೋಣ ಎಂದು ಕೇಂದ್ರದಿಂದ ಮಾದರಿ ಪ್ರಶ್ನೆಪತ್ರಿಕೆ ತಂದಿದ್ದರು. ಮಗಳು ಸರಸರನೆ ಅರ್ಧ ಮಾಡಿ ನಿಂತುಬಿಟ್ಟಳು. ಉಳಿದ ಅರ್ಧದಲ್ಲಿ ಎಲ್ಲವೂ ‘ಸಾಧಿಸಿ’ ಎನ್ನುವ ಪ್ರಶ್ನೆಗಳು. ಹೀಗಿರುತ್ತದೆ ಎಂದು ಸಾಧಿಸಿ, ಹಾಗಾಗುವುದಿಲ್ಲ ಎಂದು ಸಾಧಿಸಿ. ಇಂಥ ಲೆಕ್ಕ ನಾವು ಮಾಡಿಯೇ ಇಲ್ಲವಲ್ಲಮ್ಮ ಎಂದಳು. ಲೆಕ್ಕದಕ್ಕ ಹಳೆಯ ಪುಸ್ತಕಗಳನ್ನೆಲ್ಲ ಎಳೆದು ಹಾಕಿ ನೋಡಿದರು. ಎಲ್ಲ ಪುಸ್ತಕದಲ್ಲೂ ಅಂಥ ಲೆಕ್ಕಗಳಿದ್ದವು. ಎಲ್ಲವನ್ನೂ ಇವರೇ ಮಗಳಿಗೆ ಕೊಡದೆ ಬಿಟ್ಟು ಹೋಗಿದ್ದರು.

ಬಿಟ್ಟು ಹೋದದ್ದು ಸೋಮಾರಿತನದಿಂದಲ್ಲ. ಮಗಳು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಇವರಿಗಿದ್ದ ಆಸರೆ ಪುಸ್ತಕದ ಕೊನೆಯ ಪುಟಗಳ ಉತ್ತರಗಳು. ‘ಸಾಧಿಸಿ’ ಎನ್ನುವ ಲೆಕ್ಕಕ್ಕೆ ಅಲ್ಲಿ ಉತ್ತರವಿರುವುದಿಲ್ಲ, ಇರಲು ಸಾಧ್ಯವೂ ಇಲ್ಲ, ಉತ್ತರ ಪ್ರಶ್ನೆಯಲ್ಲೇ ಇದೆಯಲ್ಲ. ಗೊತ್ತಿಲ್ಲದೆ ತಪ್ಪನ್ನು ಸರಿ ಎಂದು ಹೇಳಿಕೊಟ್ಟರೆ ಮಗು ಹಾಳಾದೀತು ಎಂದು ಹೆದರಿ, ಹಿಂದೆ ಉತ್ತರವಿದ್ದ ಲೆಕ್ಕಗಳಿಗೆ ಮಾತ್ರ ಗುರುತು ಹಾಕಿಕೊಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು.

“ತಪ್ಪು ಹೇಳ್ಕೊಡಬಾರದು ಅಂತ ಅಷ್ಟು ಹುಷಾರಾಗಿದ್ದೆ,” ಎನ್ನುತ್ತಾರೆ. “ಹುಷಾರಾಗಿದ್ದದ್ದೇ ತಪ್ಪಾಗಿಹೋಯ್ತು. ಆ ಹೊತ್ತಿಗೆ ನಂಗೆ ಜೀವ ಬಾಯಿಗೆ ಬಂದಿತ್ತು. ಮಗಳ ಮುಖ ನೋಡೋಕೆ ಧೈರ್ಯ ಆಗಲಿಲ್ಲ.”

ಮಗಳು ಬಯ್ಯಲಿಲ್ಲ. ಮೊದಲ ಪ್ರಶ್ನೆಗೆ ಕೈ ಹಾಕಿದಳು. ಎರಡು ಬೆಸ ಸಂಖ್ಯೆಗಳನ್ನು ಕೂಡಿಸಿದರೆ ಯಾವಾಗಲೂ ಸಮ ಸಂಖ್ಯೆಯೇ ಬರುತ್ತದೆ ಎಂದು ಸಾಧಿಸಿ. ಮೂರು ಐದು ಎಂಟು, ಏಳು ಒಂಬತ್ತು ಹದಿನಾರು ಎಂದು ಪುಟ ತುಂಬ ಬರೆದು, ನೋಡು, ಎಲ್ಲ ಕಡೆ ಸರಿ ಬಂತು ಎಂದು ತೋರಿಸಿದಳು. ಲೆಕ್ಕದಕ್ಕನಿಗೆ ಆ ಪುಟ ನೋಡಿ ಯಾಕೋ ಸಮಾಧಾನವಾಗಲಿಲ್ಲ. ಇಲ್ಲಿಯವರೆಗೆ ಬಂತು ಸರಿ, ಇನ್ನೆಲ್ಲೋ ದೊಡ್ಡ ಸಂಖ್ಯೆಯಲ್ಲಿ ಬಾರದಿದ್ದರೆ ಎಂದರು. ಬರುತ್ತೆ ಎಂದಳು ಮಗಳು. ಹೇಗೆ ಹೇಳುತ್ತೀಯ ಎಂದು ಇವರು ಪಟ್ಟು ಹಿಡಿದರು.

ಅದಕ್ಕೆ ಕಾರಣವನ್ನು ಲೆಕ್ಕದಕ್ಕ ಬಸ್ಸಿನ ಸೀಟಿನಲ್ಲಿ ಕೂತು ಹೀಗೆ ಹೇಳುತ್ತಾರೆ: “ಇಷ್ಟು ದಿನ ಫಿಟ್ಸ್ ಬಂದಿಲ್ಲ ಅಂದ್ರೆ ನಾಳೆ ಬರಲ್ಲ ಅಂತ ಯಾರಾದ್ರೂ ಹೇಳಕ್ಕಾಗುತ್ತಾ? ಡಾಕ್ಟ್ರೂ ಹೇಳಲ್ಲ. ಇವತ್ತು ಸರಿ ಇದೆ ಅಂದ ಮಾತ್ರಕ್ಕೆ ನಾನು ಏನನ್ನೂ ನಂಬೋದಿಲ್ಲ. ಅದು ನಂಗೆ ರೂಢಿ ಆಗಿಬಿಟ್ಟಿದೆ.”

ಮಗಳು ಅಂದು ಊಟ ಬಿಟ್ಟು ಯೋಚಿಸಿದಳು. ಆಮೇಲೆ ಅಮ್ಮನ ಬಸ್ಸುಗಳನ್ನೇ ಎಳೆದು ತಂದಳು. ಒಂದು ಬಸ್ಸಿನಲ್ಲಿ ಜನ ಇಬ್ಬಿಬ್ಬರಾಗಿ ಕೂತರೆ ಕೊನೆಗೆ ಒಬ್ಬ ಒಂಟಿಯಾಗಿ ಉಳಿಯುತ್ತಾನೆ, ಅದೇ ಬೆಸ ಸಂಖ್ಯೆ. ಇನ್ನೊಂದು ಬಸ್ಸಿನಲ್ಲೂ ಹಾಗೇ ಒಬ್ಬ ಉಳಿದಿದ್ದಾನೆ. ಎರಡೂ ಬಸ್ಸಿನವರನ್ನು ಒಂದೇ ಕಡೆ ಸೇರಿಸಿದರೆ ಆ ಇಬ್ಬರು ಒಂಟಿಗಳು ಒಂದು ಸೀಟಿನಲ್ಲಿ ಕೂರುತ್ತಾರೆ. ಬಸ್ಸು ಎಷ್ಟೇ ದೊಡ್ಡದಿರಲಿ, ಒಂಟಿ ಯಾರೂ ಉಳಿಯುವುದಿಲ್ಲ. ಲೆಕ್ಕದಕ್ಕ ತಪ್ಪು ಹುಡುಕಿದರು, ಸಿಗಲಿಲ್ಲ. ನಾಳೆಯೂ ಹೀಗೇ ಎಂದು ಖಂಡಿತವಾಗಿ ಹೇಳಬಹುದಾದ ಒಂದು ಸಂಗತಿಯನ್ನು ತಮ್ಮ ಕಣ್ಣಿಂದ ಕಂಡು ಎಷ್ಟು ವರ್ಷವಾಗಿತ್ತೋ ಏನೋ, ಅವರಿಗೆ ಅಳು ಬಂದುಬಿಟ್ಟಿತು.

ಅಲ್ಲಿಂದ ಪರೀಕ್ಷೆಯವರೆಗೂ ಮನೆಯಲ್ಲಿ ಅದೇ ಕಸುಬು. ಮಗಳು ಒಂದು ಸಾಲು ಹೇಳುವುದು, ತಾಯಿ ಯಾಕೆ ಎನ್ನುವುದು. ಮಗಳು ಕಾರಣ ಕೊಡುವುದು, ತಾಯಿ ಅದಕ್ಕೂ ಯಾಕೆ ಎನ್ನುವುದು. ಕೆಳಗಿನ ಸೈಕಲ್ ಅಂಗಡಿಯವರು ಮೇಲೆ ಜಗಳವಾಗುತ್ತಿದೆ ಎಂದುಕೊಂಡು ಒಂದು ದಿನ ಮೆಟ್ಟಿಲು ಹತ್ತಿ ಬಂದರಂತೆ. ತಾಯಿ ಒಪ್ಪಿದರೆ ಮಾತ್ರ ಲೆಕ್ಕ ಮುಗಿದ ಹಾಗೆ. ಆದರೆ ತಾವು ಒಪ್ಪಿದ್ದೆಲ್ಲ ನಿಜಕ್ಕೂ ಸರಿಯೇ ಎಂದು ಲೆಕ್ಕದಕ್ಕನಿಗೆ ಹೇಳುವವರು ಯಾರೂ ಇರಲಿಲ್ಲ. ಆ ಅನುಮಾನ ಹೊತ್ತುಕೊಂಡೇ ಮಗಳನ್ನು ಪರೀಕ್ಷೆಗೆ ಕಳಿಸಿದರು.

ಮಧ್ಯಾಹ್ನ ಕೇಂದ್ರದ ಕಾರಿಡಾರಿನಲ್ಲಿ ತಾಯಿ ಮಗಳು ಬೆಂಚಿನ ಮೇಲೆ ಕೂತಿದ್ದಾರೆ. ಬೇರೆ ತಂದೆತಾಯಿಯರೂ ಇದ್ದಾರೆ, ಮಕ್ಕಳಿಗೆ ಯಾವ್ಯಾವ ಟ್ಯೂಷನ್ ಎಂದು ಮಾತು ನಡೆದಿದೆ. ಲೆಕ್ಕದಕ್ಕ ಯಾರ ಕಣ್ಣಿಗೂ ಕಣ್ಣು ಕೊಡುವುದಿಲ್ಲ. ನಿಮ್ಮ ಮಗಳಿಗೆ ಯಾರು ಹೇಳಿಕೊಡುತ್ತಾರೆ ಎಂದು ಯಾರಾದರೂ ಕೇಳಿಯಾರು ಎಂಬ ದಿಗಿಲು. ಒಳಗಿಂದ ಕರೆ ಬರುತ್ತದೆ, ಮಗಳನ್ನಲ್ಲ, ತಾಯಿ ಒಬ್ಬರನ್ನೇ.

ಮೇಜಿನ ಆಚೆ ಕೂತ ಮೇಡಂ ಉತ್ತರಪತ್ರಿಕೆ ಮುಂದಿಟ್ಟುಕೊಂಡು, ಇದನ್ನು ಹೀಗೆ ಬರೆಯಲು ಹೇಳಿಕೊಟ್ಟವರು ಯಾರು ಎಂದು ಕೇಳುತ್ತಾರೆ. ಕಳ್ಳತನ ಸಿಕ್ಕಿಬಿತ್ತು ಎಂದುಕೊಂಡ ಲೆಕ್ಕದಕ್ಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಬಸ್ಸು, ಬೆಳಗಿನ ಪಾಠ, ಕೊನೆಯ ಪುಟದ ಉತ್ತರಗಳು, ಬಿಟ್ಟುಹೋದ ಲೆಕ್ಕಗಳು. “ತಪ್ಪೆಲ್ಲ ನಂದು ಮೇಡಂ. ಅವಳದೇನೂ ಇಲ್ಲ,” ಎನ್ನುತ್ತಾರೆ.

ಮೇಡಂ ನಗುವುದಿಲ್ಲ, ಹೊಗಳುವುದೂ ಇಲ್ಲ. ಹುಡುಗಿ ಬರೆದದ್ದೆಲ್ಲ ಸರಿಯಿದೆ ಎನ್ನುತ್ತಾರೆ. ಆದರೆ ಎಲ್ಲರೂ ಎರಡು ಸಾಲಿನಲ್ಲಿ ಮುಗಿಸುವುದನ್ನು ಇವಳು ಒಂದು ಪುಟ ಬರೆದಿದ್ದಾಳೆ, ಸಂದೇಹಪಡುವವರೊಬ್ಬರು ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ ಎನ್ನುವ ಹಾಗೆ. ಹೀಗಾಗಿ ಸಮಯ ಸಾಲದೆ ಕೊನೆಯ ಪ್ರಶ್ನೆಗಳು ಖಾಲಿ ಉಳಿದಿವೆ. ಅಂಕ ಗಡಿಗಿಂತ ಸ್ವಲ್ಪವೇ ಮೇಲಿದೆ. ಸೇರಲು ಅಡ್ಡಿಯಿಲ್ಲ, ಆದರೆ ಸೇರಿದವರಲ್ಲಿ ಬಹಳ ಮಂದಿ ವರ್ಷದ ನಡುವೆ ಕೈಬಿಡುತ್ತಾರೆ. ಮುಂದಿನ ಪಾಠಗಳು ಮನೆಯಲ್ಲಿ ಹೇಳಿಕೊಡುವಂಥವಲ್ಲ, ವಾರಕ್ಕೆ ಮೂರು ದಿನ ಮಗಳು ಒಬ್ಬಳೇ ಕೇಂದ್ರಕ್ಕೆ ಬರಬೇಕಾಗುತ್ತದೆ.

“ನಾನು ಇದೇ ಮಾಡಿ ಅಂತ ಹೇಳಲ್ಲ,” ಎನ್ನುತ್ತಾರೆ ಮೇಡಂ. “ನೀವೇ ಹೇಳಬೇಕು. ಯಾವುದು?”

ಒಬ್ಬಳೇ ಎಂಬ ಮಾತು ಕೇಳಿ ಲೆಕ್ಕದಕ್ಕನಿಗೆ ಕೇಂದ್ರದ ಮೆಟ್ಟಿಲುಗಳು ಕಣ್ಣ ಮುಂದೆ ಬರುತ್ತವೆ. ಅವು ಕಲ್ಲಿನ ಮೆಟ್ಟಿಲು, ಅಂಚು ಚೂಪಾಗಿದೆ, ಬರುವಾಗಲೇ ನೋಡಿಕೊಂಡಿದ್ದಾರೆ. ಸಾಮಾನ್ಯ ಗಣಿತ ಎಂದರೆ ಮಗಳು ಇನ್ನೆರಡು ವರ್ಷ ಸ್ಪಂಜು ಸುತ್ತಿದ ಮೇಜಿನ ಮುಂದೆ, ತಮ್ಮ ಕಣ್ಣಳತೆಯಲ್ಲೇ ಇರುತ್ತಾಳೆ. ಆ ಎರಡು ಪದ ನಾಲಿಗೆಯ ತುದಿಗೂ ಬಂದಿರುತ್ತವೆ. ಬಾಗಿಲ ಸಂದಿಯಿಂದ ಬೆಂಚು ಕಾಣುತ್ತದೆ. ಮಗಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಾಳೆ.

“ಉನ್ನತ ಗಣಿತ,” ಎನ್ನುತ್ತಾರೆ ಲೆಕ್ಕದಕ್ಕ. ಮೇಡಂಗೆ ಕೇಳಿಸುವುದಿಲ್ಲ. ಇನ್ನೊಮ್ಮೆ ಹೇಳಬೇಕಾಗುತ್ತದೆ.

ಸಂಜೆ ಬಸ್ ನಿಲ್ದಾಣದಲ್ಲಿ ಮಗಳು ಹೊಸ ಪುಸ್ತಕ ತೆರೆದು ನಿಂತಿದ್ದಾಳೆ. ಅದರ ಮೊದಲ ಪುಟದಲ್ಲೇ ಲೆಕ್ಕದಕ್ಕನಿಗೆ ಗುರುತಿರುವ ಗೆರೆ ಒಂದೂ ಇಲ್ಲ. ಇಣುಕಿ ನೋಡಿ, ಇದೇನು ಎಂದು ಕೇಳುತ್ತಾರೆ. ಮಗಳು ತಲೆ ಎತ್ತದೆ, ಕೊಂಕಿಲ್ಲದೆ, ಪುಟ ತಿರುವುತ್ತಲೇ ಹೇಳುತ್ತಾಳೆ: “ಇದು ನಿಂಗೆ ಅರ್ಥ ಆಗಲ್ಲಮ್ಮ.” ಇಷ್ಟು ವರ್ಷಗಳಲ್ಲಿ ತಾಯಿ ಮಗಳ ನಡುವೆ ಈ ಮಾತು ಹುಟ್ಟಿದ್ದು ಇದೇ ಮೊದಲು. ಹೇಳಿದವಳಿಗೆ ಅದರ ಪರಿವೆಯೂ ಇಲ್ಲ. ಬಸ್ಸು ಬಂದಾಗ ಲೆಕ್ಕದಕ್ಕ ಮಗಳನ್ನು ಮೊದಲು ಹತ್ತಿಸಿ, ಅವಳ ಬೆನ್ನಿನ ಹಿಂದೆ ಎರಡೂ ಕೈ ಚಾಚಿಕೊಂಡೇ ತಾವೂ ಹತ್ತುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ಕಿಟಕಿಯ ಆಚೆ ನೋಡುತ್ತಾರೆ.

“ಅರ್ಥ ಆಗದೇ ಇರ್ಲಿ, ಪರವಾಗಿಲ್ಲ,” ಎನ್ನುತ್ತಾರೆ ಆಮೇಲೆ. “ನಂಗೆ ಹೇಳೋದನ್ನ ಮಾತ್ರ ಅವಳು ಬಿಡಬಾರದು.”