ಕಿಂಬುಂದು ಅಜ್ಜಿಯ ಬಾಣಂತನ

ನನ್ನ ಬಾಣಂತನ ಮಾಡಿದ್ದು ನಮ್ಮಮ್ಮ ಅಲ್ಲ. ಹೀಗೆಂದರೆ ಅಮ್ಮನ ಮುಖ ಈಗಲೂ ಊದಿಕೊಳ್ಳುತ್ತದೆ, ಊದಿಕೊಳ್ಳಲಿ. ಅವಳೇನು ಬೇಕೆಂದು ತಪ್ಪಿಸಿಕೊಂಡವಳಲ್ಲ. ಮೈಸೂರಿನಿಂದ ಹೊರಡಲು ಟಿಕೆಟ್ ಆಗಿತ್ತು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಹೊಟ್ಟೆಗೆ ಸುತ್ತಿಕೊಳ್ಳಲು ಹಳೆಯ ಹತ್ತಿ ಸೀರೆ ಎಲ್ಲ ಸೂಟ್‌ಕೇಸ್ ಸೇರಿದ್ದವು. ಅಷ್ಟರಲ್ಲಿ ಕೋವಿಡ್ ಬಂದು ವಿಮಾನಗಳೇ ನಿಂತುಹೋದವು. ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ಬಾಡಿಗೆ ಮನೆಯಲ್ಲಿ ನಾನು ಮತ್ತು ಹಸುಗೂಸು ಉಳಿದೆವು. ನನ್ನ ಗಂಡನ ಕೆಲಸ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯಲ್ಲಿ. ಊರೆಲ್ಲ ಬಾಗಿಲು ಹಾಕಿಕೊಂಡರೂ ಅವರ ಶಿಫ್ಟು ಮಾತ್ರ ತಪ್ಪುತ್ತಿರಲಿಲ್ಲ.

ಹೀಗಾಗಿ ನನ್ನ ಬಾಣಂತನ ಫೋನಿನಲ್ಲಿ ಶುರುವಾಯಿತು. ಅಮ್ಮ ಅಲ್ಲಿಂದಲೇ ಪಥ್ಯ ಹೇಳುವುದು, ಗಂಡ ಶಿಫ್ಟಿಗೆ ಓಡುವ ಮೊದಲು ಮೆಣಸಿನ ಸಾರು ಕುದಿಸಿಡುವುದು. ಪಾಪ, ಅವರ ಸಾರು! ಒಂದು ದಿನ ಬರೀ ನೀರು, ಇನ್ನೊಂದು ದಿನ ಬರೀ ಮೆಣಸು. ಬೇರೇನಾದರೂ ತಿನ್ನೋಣವೆಂದರೆ ಅಮ್ಮನ ಪಟ್ಟಿ ಸಿದ್ಧ: ಅದು ವಾಯು, ಇದು ಶೀತ, ಅದು ನಂಜು. ಗಂಟಲಲ್ಲಿ ತುತ್ತು ಇಳಿಯದೆ ನಾನು ಒಣಗಿದೆ, ಹಾಲೂ ಒಣಗಿತು. ಹೆಲ್ತ್ ಸೆಂಟರಿನಲ್ಲಿ ಮಗುವನ್ನು ತೂಕಕ್ಕೆ ಹಾಕಿದ ನರ್ಸ್ ಮಾಸ್ಕಿನೊಳಗಿಂದಲೇ ನಿಟ್ಟುಸಿರು ಬಿಟ್ಟಳು. ಮುಂದಿನ ವಾರಕ್ಕೂ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕು, ಅಪ್ಪನನ್ನು ಒಳಗೆ ಬಿಡುವುದಿಲ್ಲ ಎಂದಳು. ಮನೆಗೆ ಬಂದವಳೇ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, ಕೂಸನ್ನು ಅವುಚಿಕೊಂಡು ಗೊಳೋ ಎಂದು ಅತ್ತೆ.

"ಮೊನಾಮಿ!" ಎಂದು ಯಾರೋ ಕೂಗಿದರು.

ಮೋಟುಗೋಡೆಯಾಚೆ ಪಕ್ಕದ ಮನೆಯ ಅಜ್ಜಿ ನಿಂತಿದ್ದರು. ಅಂಗೋಲಾ ದೇಶದವರು, ಮಗಳ ಜೊತೆ ಇದ್ದರು. ಅಲ್ಲಿಯವರೆಗೆ ನಮ್ಮದು ಕೈ ಬೀಸುವಷ್ಟೇ ಪರಿಚಯ. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ಮಗುವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಕೆನ್ನೆಯನ್ನೇ ಒಳಕ್ಕೆ ಎಳೆದುಕೊಂಡು 'ನೀನು ಹೀಗಾಗಿದ್ದೀಯ' ಎಂದು ತೋರಿಸಿದರು. ನನಗೆ ಸಿಟ್ಟೇ ಬಂತು. ನಾನು ಎದ್ದು ಒಳಗೆ ಹೋಗಬೇಕೆನ್ನುವಷ್ಟರಲ್ಲಿ ಅವರು ಒಳಗೆ ಹೋಗಿ, ಒಂದು ಬಟ್ಟಲು ತಂದು ಗೋಡೆಯ ಮೇಲಿಟ್ಟು, ಕೋವಿಡ್ ನಿಯಮದಂತೆ ಹಿಂದಕ್ಕೆ ಸರಿದು ನಿಂತರು.

ಬಟ್ಟಲಲ್ಲಿ ಬಿಸಿಬಿಸಿ ಮುದ್ದೆ! ರಾಗಿಯದಲ್ಲ, ಬಿಳಿಯದು. ಪಕ್ಕದಲ್ಲಿ ಅರೆದ ಕಡಲೆಕಾಯಿಯಲ್ಲಿ ಬೆಂದ ಸೊಪ್ಪು. "ಫುಂಜಿ," ಎಂದು ಮುದ್ದೆ ತೋರಿಸಿದರು. "ಜಿಂಗುಬಾ," ಎಂದು ಕಡಲೆಕಾಯಿ ತೋರಿಸಿದರು. ಅದೇ ಹೊತ್ತಿಗೆ ಅಮ್ಮನ ವಿಡಿಯೊ ಕಾಲ್ ಬರಬೇಕೇ?

"ಏನೇ ಅದು ಬಟ್ಲಲ್ಲಿ?"

"ಪಕ್ಕದ್ಮನೆ ಅಜ್ಜಿ ಕೊಟ್ರು. ಕಡ್ಲೇಕಾಯಿ ಹಾಕಿರೋ ಸೊಪ್ಪು."

"ಅಯ್ಯೋ ನನ್ನ ಕರ್ಮವೇ! ಬಾಣಂತಿಗೆ ಕಡ್ಲೇಕಾಯಿನಾ? ಪಿತ್ತ ಕಣೇ! ಮಗೂಗೆ ಹೊಟ್ಟೆ ನುಲಿಯತ್ತೆ. ಮುಟ್ಟಬೇಡ, ವಾಪಸ್ ಕೊಡು!"

ಅಮ್ಮನ ಮಾತು ಮೀರಿ ನನಗೆ ರೂಢಿಯಿಲ್ಲ. ಆದರೆ ಮಡಿಲಲ್ಲಿ ಕೂಸು ಅಳಲೂ ತ್ರಾಣವಿಲ್ಲದೆ ಬಾಯಿ ಕಳೆಯುತ್ತಿತ್ತು. "ಆಮೇಲೆ ಬೈಯಮ್ಮ, ಈಗ ಹಸಿವು," ಎಂದು ಫೋನ್ ಮಗುಚಿಟ್ಟೆ. ಮುದ್ದೆ ಮುರಿದು, ಸೊಪ್ಪಿನಲ್ಲಿ ಅದ್ದಿ, ಅಗಿಯದೆ ಗುಳುಂ ಎಂದು ನುಂಗಿದೆ. ಆಚೆ ಅಜ್ಜಿ ಚಪ್ಪಾಳೆ ತಟ್ಟಿ ಮಗಳನ್ನು ಕೂಗಿ ಕರೆದರು. ಮಗಳು ಇಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುವವಳು. ಬಾಗಿಲಲ್ಲಿ ನಿಂತು ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದಳು: "ಇದನ್ನ ನುಂಗೋದು ನಿಂಗೆ ಯಾರು ಕಲಿಸಿದ್ರು ಅಂತ ಕೇಳ್ತಿದಾರೆ. ಇಲ್ಲಿ ಎಲ್ರೂ ಅಗೀತಾರಂತೆ!"

ಆ ದಿನದಿಂದ ಬಟ್ಟಲು ತಪ್ಪಲಿಲ್ಲ, ಅಮ್ಮನ ಬೈಗುಳವೂ ತಪ್ಪಲಿಲ್ಲ. ವಾರ ಕಳೆದು ತೂಕಕ್ಕೆ ಹೋದೆವು. ನರ್ಸ್ ಮುಳ್ಳು ನೋಡಿ, ಮತ್ತೊಮ್ಮೆ ನೋಡಿ, "ಗ್ರ್ಯಾಂಡ್, ಶೀ ಈಸ್ ಗ್ರ್ಯಾಂಡ್!" ಎಂದಳು. ತೂಕ ಏರಿತ್ತು, ಆಸ್ಪತ್ರೆ ತಪ್ಪಿತು. ವಿಷಯ ಕೇಳಿ ಅಮ್ಮ, "ಆ ಸೊಪ್ಪಿಗೆ ಬೆಳ್ಳುಳ್ಳಿ ಹಾಕ್ತಾರಾ ಕೇಳು," ಎಂದಳು. ನಮ್ಮಮ್ಮ ಸೋಲೊಪ್ಪಿಕೊಳ್ಳುವ ರೀತಿ ಅದು.

ಅಜ್ಜಿಯ ಭಾಷೆ ಕಿಂಬುಂದು. ಮೊನಾಮಿ ಎಂದರೆ 'ನನ್ನ ಮಗುವೇ'. ಅವರ ಬಾಲ್ಯದಲ್ಲಿ ಪೋರ್ಚುಗೀಸರ ಆಳ್ವಿಕೆ. ಶಾಲೆಯಲ್ಲಿ ಕಿಂಬುಂದು ಬಾಯಿಗೆ ಬಂದರೆ ಏಟು. ಅದಕ್ಕೇ ಅವರು ಮಗಳಿಗೆ ಅದನ್ನು ಕಲಿಸಲೇ ಇಲ್ಲ, ತಾಯಿ ಮಗಳ ಮಾತೆಲ್ಲ ಪೋರ್ಚುಗೀಸಿನಲ್ಲೇ. ಏಟು ಕೊಟ್ಟವರ ನಾಲಿಗೆಗೇ ಅದು ಹತ್ತಿಕೊಂಡಿದ್ದು ಮಾತ್ರ ನನಗೆ ಮಹಾ ಖುಷಿಯ ಸಂಗತಿ. ಅಲ್ಲಿ ಪೋರ್ಚುಗೀಸ್ ಆಡುವವರೂ ಕಡಲೆಕಾಯಿಗೆ ಜಿಂಗುಬಾ ಅಂತಲೇ ಅನ್ನುತ್ತಾರಂತೆ. ಗಂಡನ ಶಿಫ್ಟಿನಲ್ಲಿದ್ದ ಬ್ರೆಜಿಲ್‌ನವನೊಬ್ಬ ಈ ಕಥೆ ಕೇಳಿ ಕುಣಿದಾಡಿಬಿಟ್ಟನಂತೆ. ಪೋರ್ಚುಗೀಸನ್ನೇ ಆಡುವ ಬ್ರೆಜಿಲ್‌ನವರ ಅಡುಗೆಮನೆಯ ಜೋಳದ ಹಿಟ್ಟು 'ಫುಬಾ', ಮನೆಯ ಕೊನೆಯ ಮಗು 'ಕಸುಲ', ಎಲ್ಲ ಕಿಂಬುಂದುವಿನಿಂದ ಬಂದದ್ದು; ಗುಲಾಮರ ಹಡಗುಗಳಲ್ಲಿ ಸಂಕೋಲೆ ಹಾಕಿ ಸಾಗಿಸಿದ ಜನ ಹೊತ್ತು ತಂದದ್ದು. ನಮ್ಮ ಸಾಲಿನ ಕೊನೆಯ ಮನೆಯ ಐರಿಶ್ ತಾತ ಭಾನುವಾರ ಅಂಗಳದಲ್ಲಿ ಬ್ಯಾಂಜೊ ನುಡಿಸಿದರೆ ನಾವೆಲ್ಲ ನಮ್ಮನಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದೆವು. ಆ ಹೆಸರೂ ಕಿಂಬುಂದುವಿನ 'ಎಂಬಾಂಜ'ದಿಂದ ಬಂದಿರಬೇಕೆಂದು ಹಲವರು ಹೇಳುತ್ತಾರೆ. ಅಜ್ಜಿಗಂತೂ ಅನುಮಾನವೇ ಇರಲಿಲ್ಲ. ಎದೆ ತಟ್ಟಿಕೊಂಡು "ನಮ್ದು, ನಮ್ದು," ಎಂದು ತೋರಿಸುತ್ತಿದ್ದರು.

ನಿರ್ಬಂಧ ಸಡಿಲವಾದ ಮೊದಲ ದಿನವೇ ಅಜ್ಜಿ ನಮ್ಮ ಮನೆಯೊಳಗೆ ಬಂದರು. ನನ್ನನ್ನು ನೆಲದ ಮೇಲೆ ಕೂರಿಸಿ, ತಲೆಯಲ್ಲಿ ಬೆರಳಾಡಿಸುತ್ತಾ ಕುಳಿತರು. ಅದಕ್ಕೂ ಬ್ರೆಜಿಲ್‌ನವರಲ್ಲಿ ಕಿಂಬುಂದುವಿನಿಂದ ಬಂದ ಒಂದು ಮಾತಿದೆಯಂತೆ, 'ಕಫುನೆ'. ತಿಂಗಳುಗಟ್ಟಲೆ ಯಾರೂ ಮುಟ್ಟದ ತಲೆ ನನ್ನದು. ಅವರ ಮೊಣಕಾಲಿಗೊರಗಿ ನಿದ್ದೆ ಹೋದೆ. ಎದ್ದಾಗ 'ಧನ್ಯವಾದ' ಎನ್ನಲು ಹೋದರೆ ಸಭೆಯ ವಂದನಾರ್ಪಣೆಯಂತೆ ಕೇಳಿತು. ಅವರದ್ದೇ ಮಾತು ಕೇಳಿ ಕಲಿತೆ: ಸಕಿಡಿಲ.

ವಿಮಾನಗಳು ಮತ್ತೆ ಶುರುವಾಗಿ ಅಮ್ಮ ಬಂದಿಳಿಯುವ ಹೊತ್ತಿಗೆ ನನ್ನ ಮಗಳು ಮನೆ ತುಂಬ ಓಡಾಡುತ್ತಿದ್ದಳು. ಅಜ್ಜಿಯನ್ನು ಅವರ ಭಾಷೆಯಲ್ಲೇ 'ಕುಕು' ಎನ್ನುತ್ತಿದ್ದಳು. ಬಾಣಂತನ ಮಾಡಿದವರಿಗೆ ಸೀರೆ ಕೊಡದೆ ಇರಲಾದೀತೇ? ಅಮ್ಮ ಮೈಸೂರು ರೇಷ್ಮೆಯನ್ನೇ ತಂದಿದ್ದಳು. ಅಜ್ಜಿಗೆ ಕುಂಕುಮವಿಟ್ಟು, ಸೀರೆ ಕೊಟ್ಟು, ಬಗ್ಗಿ ಕಾಲು ಮುಟ್ಟಿದಳು. ಅಜ್ಜಿ ಸೀರೆಯನ್ನು ಕೆನ್ನೆಗೊತ್ತಿಕೊಂಡರು. ಮರುಗಳಿಗೆಯೇ ಅದನ್ನು ಬಿಡಿಸಿ, ಮಡಚಿ, ಓಡಿಬಂದ ನನ್ನ ಮಗಳನ್ನು ಬೆನ್ನಿಗೆ ಹಾಕಿಕೊಂಡು ಎದೆಯ ಮೇಲೆ ಬಿಗಿಯಾಗಿ ಗಂಟು ಕಟ್ಟಿಯೇಬಿಟ್ಟರು. ಅವರ ಕಡೆ ಒಳ್ಳೆಯ ಬಟ್ಟೆಯಿರುವುದು ಮಗು ಹೊರಲಿಕ್ಕೆ!

"ಅಯ್ಯಯ್ಯೋ, ರೇಷ್ಮೆ ಕಣೇ! ಮಗು ಜೊಲ್ಲು ಸುರಿಸತ್ತೆ!"

"ಸುಮ್ನಿರಮ್ಮ."

ಅಜ್ಜಿ ಅಡುಗೆಮನೆವರೆಗೆ ಹೋಗಿ ಬಂದು, ಸೊಂಟ ಹಿಡಿದುಕೊಂಡು ಉಸ್ಸೆಂದು ಏನೋ ಗೊಣಗಿದರು. ಅವರ ಮಗಳು ನಗುತ್ತಾ ತಿಳಿಸಿದಳು: "ಈ ಮಗು ತುಂಬಾ ಭಾರ, ಇನ್ಮೇಲೆ ಇವಳನ್ನ ಹೊರೋಕಾಗಲ್ಲ ಅಂತಿದಾರೆ."

ಅಮ್ಮ ನನ್ನ ಮುಖ ನೋಡಿದಳು. ಅಂದು ಇವಳನ್ನು ತೂಗಿ ನರ್ಸ್ ಬಿಟ್ಟ ನಿಟ್ಟುಸಿರು ನೆನಪಾಗಿ ನನ್ನ ಕಣ್ಣಲ್ಲಿ ಆಗಲೇ ನೀರು.

"ಇನ್ನೊಂದ್ಸಲ ಹೇಳಿ ಅಜ್ಜಿ," ಎಂದೆ.